ಅಕ್ಷರಮಾಲೆಯ ಕೊನೆಯ ಗಂಟು

ಗಂಗೊಳ್ಳಿಯಲ್ಲಿ ದೋಣಿಗಳು ದಡ ಸೇರುವ ಹೊತ್ತಿಗೆ ಸರಿಯಾಗಿ ಮಕ್ಕಳು ಶಾಲೆ ಸೇರುತ್ತಾರೆ. ಮಳೆಗಾಲದ ಮೀನುಗಾರಿಕೆ ನಿಷೇಧ, ಶಾಲೆಯ ಮೊದಲ ಗಂಟೆ, ಎರಡೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ. ಗಂಡಸರು ಮನೆಯಲ್ಲಿ ಕೂತು ಬಲೆ ಸರಿಮಾಡುವ ಆ ದಿನಗಳಲ್ಲಿ ಸುಗುಣಕ್ಕನ ಜಗಲಿಯಲ್ಲಿ ಬೇರೊಂದು ಕೆಲಸ ನಡೆದಿರುತ್ತದೆ. ಹರಿದ ಹಳದಿ ರೈನ್‌ಕೋಟು, ದೋಣಿಗೆ ಹೊದಿಸಿ ಸವೆದ ನೀಲಿ ಟಾರ್ಪಾಲು, ಇಂಥವನ್ನು ಕತ್ತರಿಸಿ ಅವರು ಅಕ್ಷರ ಮಾಡುತ್ತಾರೆ. ಒಂದನೇ ತರಗತಿಗೆ ಸೇರುವ ಮಗುವಿನ ಹೆಸರಿನ ಅಕ್ಷರಗಳನ್ನು ಬಲೆಯ ದಾರದಲ್ಲಿ ಪೋಣಿಸಿ, ನಡುವೆ ಬಲೆ ತೇಲಲೆಂದು ಕಟ್ಟುವ ಬಿಳಿ ಉಂಡೆಗಳನ್ನು ಸೇರಿಸಿ ಮಾಲೆ ಮಾಡುತ್ತಾರೆ. ಸರಕಾರಿ ಶಾಲೆಗೆ ಬರುವ ಹೊಸ ಮಕ್ಕಳೆಲ್ಲ ಆ ಮಾಲೆ ಹಾಕಿಕೊಂಡೇ ಮೊದಲ ದಿನ ಗೇಟು ದಾಟುವುದು. ಮಗು ತನ್ನ ಬದುಕಿನಲ್ಲಿ ಮೊದಲು ಓದುವ ಅಕ್ಷರ ತನ್ನದೇ ಹೆಸರಿನದ್ದು, ಅದೂ ತನ್ನ ಎದೆಯ ಮೇಲಿನದ್ದು.

ಇದಕ್ಕೆ ಮುಂಚೆ ಶಾಲೆಯವರು ಕಾಗದದ ಕಿರೀಟ ಕೊಡುತ್ತಿದ್ದರು. ಜೂನ್ ತಿಂಗಳಲ್ಲಿ, ಕಡಲ ದಂಡೆಯಲ್ಲಿ, ಕಾಗದದ ಕಿರೀಟ! ಸುಗುಣಕ್ಕನ ಮಗ ಸಚಿನ್ ಒಂದನೇ ತರಗತಿಗೆ ಹೋದ ದಿನ ಆ ಕಿರೀಟ ಮಳೆಗೆ ಕರಗಿ, ಕೆಂಪು ಬಣ್ಣ ಹಣೆಯಿಂದ ಅಂಗಿಗೆ ಇಳಿದಿತ್ತು. ಹುಡುಗ ಪೆಟ್ಟು ತಿಂದವನ ಹಾಗೆ ಮನೆಗೆ ಬಂದ. ಸುಗುಣಕ್ಕ ನೇರ ಶಾಲೆಗೆ ಹೋಗಿ, "ಎಂತ ಮೇಷ್ಟ್ರೇ, ನಿಮ್ಗೆ ಆಕಾಶ ಕಾಣ್ತಿಲ್ಯಾ?" ಎಂದು ಕೇಳಿದರು. ಮೇಷ್ಟ್ರು ನಕ್ಕು, "ಹಾಂಗಾರೆ ನೀವೇ ಮಾಡಿ ಕೊಡಿ ಕಾಂಬ" ಎಂದರು. ಅಂದು ಹೇಳಿದ್ದು ತಮಾಷೆಗೆ. ಮರುವರ್ಷ ಮಾಲೆಗಳು ಬಂದವು. ಸಚಿನ್ ಈಗ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾನೆ, ಮಾಲೆ ಮಾತ್ರ ನಿಂತಿಲ್ಲ. ಕನ್ನಡ ಶಾಲೆ ಉಳಿಸಬೇಕೆಂದು ಮೈಕಿನ ಮುಂದೆ ಕೂಗುವವರ ಮೊಮ್ಮಕ್ಕಳು ಬೆಳಿಗ್ಗೆ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಹತ್ತುತ್ತಾರೆ. ಸುಗುಣಕ್ಕ ಯಾವ ಮೈಕಿನ ಮುಂದೆಯೂ ನಿಂತವರಲ್ಲ.

ಅವರ ಮಾಲೆಗೆ ಒಂದು ಕಟ್ಟಳೆ ಉಂಟು. ಎಲ್ಲ ಮುಗಿಸಿ ಕೊರಳ ಹಿಂದಿನ ಕೊನೆಯ ಗಂಟನ್ನು ಮಾತ್ರ ಅವರು ಹಾಕುವುದಿಲ್ಲ. ಮಗುವಿನ ತಾಯಿಯೇ ಬಂದು ಹಾಕಬೇಕು. ಅವರ ತವರು ಶಿರೂರಿನಲ್ಲಿ ಹೊಸ ಬಲೆ ಹೆಣೆದು ಮುಗಿಸುವಾಗ ಕೊನೆಯ ಗಂಟನ್ನು ಮನೆಯ ಹಿರಿಯಳಿಂದ, ಅಂದರೆ ಸುಗುಣಕ್ಕನ ಅಜ್ಜಿಯಿಂದ, ಹಾಕಿಸುತ್ತಿದ್ದರಂತೆ. ಅದನ್ನೇ ಇಲ್ಲಿಗೆ ತಂದರು. ಜೊತೆಗೆ ತಮ್ಮದೊಂದನ್ನು ಸೇರಿಸಿದರು: ಗಂಟು ಹಾಕಲು ಬಂದ ತಾಯಂದಿರಿಗೆ ಅರಸಿನ ಕುಂಕುಮ ಕೊಟ್ಟು ಕಳಿಸುವುದು. ಬೆಳ್ಳಿ ಬಣ್ಣದ ಸಣ್ಣ ಬಟ್ಟಲೊಂದು ಜಗಲಿಯ ಮೆಟ್ಟಿಲ ಪಕ್ಕದಲ್ಲೇ ಇರುತ್ತಿತ್ತು.

ಈ ವರ್ಷವೂ ತಾಯಂದಿರು ಬಂದರು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಗಂಟು ಹಾಕಿದರು, ಕುಂಕುಮ ಹಚ್ಚಿಕೊಂಡು ನಗಾಡುತ್ತ ಹೋದರು. ಶಾಲೆ ಶುರುವಾಗುವ ಮುನ್ನಾದಿನ ಗೋಡೆಯ ಮೊಳೆಯಲ್ಲಿ ಒಂದೇ ಒಂದು ಮಾಲೆ ಉಳಿದಿತ್ತು. ಅದರಲ್ಲಿ ಪೂ, ಜಿ, ತಾ ಎಂಬ ಮೂರು ಹಳದಿ ಅಕ್ಷರ.

ಪೂಜಿತಾ ನಾಲ್ಕು ಮನೆ ಆಚೆಯ ಬಾಗಿಯ ಮಗಳು. ಬಾಗಿಯ ಗಂಡ ಶೀನ ಹೋದ ಮಳೆಗಾಲದಲ್ಲಿ, ನಿಷೇಧ ಮುಗಿದ ಮೊದಲ ವಾರವೇ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿ ತೀರಿಕೊಂಡ. ಅಂದಿನಿಂದ ಬಾಗಿ ಒಣಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಿ ಬಾರ್ಕೂರಿನ ತನಕ ಮನೆಮನೆ ತಿರುಗುತ್ತಾಳೆ. ಮಾಲೆ ಸಿದ್ಧವಾದ ದಿನವೇ ಸುಗುಣಕ್ಕ ಅವಳನ್ನು ದಾರಿಯಲ್ಲಿ ಕಂಡು ಕೂಗಿದ್ದರು. "ಹ್ವಾಯ್ ಬಾಗಿ, ಗಂಟ್ ಹಾಕುಕೆ ಯಾವಾಗ ಬತ್ತೆ?"

"ನೀವೇ ಹಾಕಿ ಕೊಡಿ ಅಕ್ಕಾ" ಎಂದಳು ಬಾಗಿ, ನಿಲ್ಲದೆ, ತಿರುಗದೆ.

ಸುಗುಣಕ್ಕನಿಗೆ ಅದು ಕಿರಿಕಿರಿಯಾಗಿ ಉಳಿದಿತ್ತು. ಮುನ್ನಾದಿನ ಮಧ್ಯಾಹ್ನ ಬಾಗಿಯ ಅತ್ತೆ ದಾರಕ್ಕ ಕೊಡೆ ಮಡಚುತ್ತ ಜಗಲಿಗೆ ಬಂದರು.

"ಸುಗುಣಾ, ಆ ಮಾಲಿ ಕೊಡ್ ಕಾಂಬ. ನಮ್ ದೊಡ್ಡ್ ಸೊಸಿ ಗಂಟ್ ಹಾಕತ್ತ್."

"ದೊಡ್ಡ್ ಸೊಸಿ ಎಂತಕೆ? ಪೂಜಿತಾನ್ನ ಹೆತ್ತದ್ದ್ ಅದಾ?"

"ಬಾಗಿಗೆ ಪುರ್ಸೊತ್ತಿಲ್ಲೆ ಮರಾಯ್ತಿ."

"ಒಂದ್ ಗಂಟಿಗೆ ಪುರ್ಸೊತ್ತಿಲ್ಯಾ? ಅಷ್ಟ್ ದೊಡ್ಡ್ ಜನ ಆಯ್ತಾ ಅದ್? ತಾಯಿ ಬರ್ಲಿ, ಕೊಡ್ತೆ. ಇಲ್ದಿರೆ ಇಲ್ಲೇ ನೇತಾಡ್ಲಿ."

ದಾರಕ್ಕನ ಕಣ್ಣು ಒಮ್ಮೆ ಮೆಟ್ಟಿಲ ಕಡೆ ಹೋಯಿತು. ಕೊಡೆ ಬಿಚ್ಚಿ ಹೊರಟೇ ಹೋದರು.

ಸುಗುಣಕ್ಕನ ಗಂಡ ಚಂದ್ರಣ್ಣ ಅದೇ ಜಗಲಿಯ ಮೂಲೆಯಲ್ಲಿ ಬಲೆಯ ಹರಕು ಮುಚ್ಚುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಸುಗುಣಕ್ಕ ಬಾಗಿಯ ಅಹಂಕಾರದ ಬಗ್ಗೆ ಹೇಳಿ ಹೇಳಿ ಸುಸ್ತಾದ ಮೇಲೆ ಅವರು ತಲೆ ಎತ್ತದೆ ಅಂದರು: "ಬಟ್ಲ್ ಕಾಣ್."

"ಯಾವ ಬಟ್ಲ್?"

"ಕುಂಕುಮದ್ದ್. ಅದ್ನ ಬಾಗ್ಲಂಗೆ ಇಟ್ಕಂಡ್ ಕೂಕಂಡಿದ್ದೆ. ದಾಟ್ಕಂಡ್ ಆ ಹೆಣ್ಣ್ ಒಳ್ಗೆ ಹ್ಯಾಂಗೆ ಬಪ್ಪುದ್?"

"ನಾ ಬರ್ಬೇಡ ಅಂದಿದ್ನಾ?"

"ನೀ ಹೇಳ್ಕಾ? ಬಟ್ಲೇ ಹೇಳತ್ತ್." ಅವರು ದಾರ ಕಚ್ಚಿ ತುಂಡು ಮಾಡಿದರು. "ಶಿರೂರಂಗೆ ನಿನ್ ಅಜ್ಜಿ ಗಂಟ್ ಹಾಕ್ತಿದ್ದಿತ್ತಲ್ದಾ, ಅದ್ರ ಹಣಿಯಂಗೆ ಎಂತ ಇದ್ದಿತ್ತ್?"

ಏನೂ ಇರಲಿಲ್ಲ. ಸುಗುಣಕ್ಕ ಹುಟ್ಟುವ ಮೊದಲೇ ಅಜ್ಜನನ್ನು ಕಡಲು ತೆಗೆದುಕೊಂಡಿತ್ತು. ಅಜ್ಜಿಯ ಬಾಯಲ್ಲಿ ಯಾವಾಗಲೂ ಎಲೆಅಡಿಕೆ, ಹಣೆ ಬರಿದು. ಆ ಬರಿ ಹಣೆಯ ಹೆಂಗಸು ಗಂಟು ಹಾಕಿದ ಬಲೆಯಲ್ಲೇ ಸುಗುಣಕ್ಕನ ಅಪ್ಪ ಮೀನು ಹಿಡಿದು ಐದು ಮಕ್ಕಳನ್ನು ಸಾಕಿದ್ದು.

ನಮ್ಮ ಕರಾವಳಿಯ ಲೆಕ್ಕಾಚಾರವನ್ನು ಸ್ವಲ್ಪ ನೋಡಿ. ಗಾಳಿ ಎದ್ದು ದೋಣಿ ಮಗುಚಿದರೆ ತಪ್ಪು ಗಾಳಿಯದ್ದಲ್ಲ, ಅಳಿವೆಯಲ್ಲಿ ತುಂಬಿದ ಹೂಳನ್ನು ತೆಗೆಸದವರದ್ದಂತೂ ಅಲ್ಲವೇ ಅಲ್ಲ. ಶಿಕ್ಷೆ ಮಾತ್ರ ಮನೆಯಲ್ಲಿ ಅನ್ನ ಬೇಯಿಸುತ್ತಿದ್ದ ಹೆಂಡತಿಯ ಹಣೆಗೆ. ಅವಳು ಹೊತ್ತು ತಂದ ಒಣಮೀನಿನ ದುಡ್ಡು ಮನೆಗೆ ಆಗುತ್ತದೆ. ಅವಳು ಬೇಯಿಸಿದ ಗಂಜಿ ಆಗುತ್ತದೆ. ಅತ್ತೆಯ ಬೆನ್ನಿಗೆ ಎಣ್ಣೆ ತಿಕ್ಕಲು ಅದೇ ಕೈ ಆಗುತ್ತದೆ. ಹೆತ್ತ ಮಗಳ ಕೊರಳಿಗೆ ಒಂದು ಗಂಟು ಹಾಕಲು ಮಾತ್ರ ಆಗುವುದಿಲ್ಲ. ಇದನ್ನು ಸಂಪ್ರದಾಯ ಅನ್ನುತ್ತಾರೆ. ಸೌಕರ್ಯ ಎಂದರೆ ಹೆಚ್ಚು ಸರಿ. ಮತ್ತು ಇದನ್ನು ಮಾಡುವವರು ಕೆಟ್ಟವರೇ ಆಗಿರಬೇಕಾಗಿಲ್ಲ. ಪ್ರೀತಿಯಿಂದ ಮೆಟ್ಟಿಲ ಬಳಿ ಬಟ್ಟಲು ಇಟ್ಟವರೂ ಮಾಡಿರುತ್ತಾರೆ.

ಸುಗುಣಕ್ಕ ಎದ್ದು ಬಟ್ಟಲನ್ನು ಒಳಗೆ ಒಯ್ದು ತೊಳೆದರು. ತೊಳೆದರೂ ಅಂಚಿನ ಕೆಂಪು ಹೋಗಲಿಲ್ಲ. ಹುಣಸೆಹುಳಿ ಹಾಕಿ ತಿಕ್ಕಿದರು.

ಮರುದಿನ ಬೆಳಿಗ್ಗೆ ಮಳೆ ಸಣ್ಣಗೆ ಹನಿಯುತ್ತಿತ್ತು. ಒಂದು ಕೈಯಲ್ಲಿ ಮಾಲೆ, ಇನ್ನೊಂದರಲ್ಲಿ ಬಟ್ಟಲು ಹಿಡಿದು ಸುಗುಣಕ್ಕ ಬಾಗಿಯ ಮನೆಗೆ ಹೋದರು. ಬಟ್ಟಲಲ್ಲಿ ಬೆಲ್ಲದ ಚೂರುಗಳಿದ್ದವು. ಬಾಗಿ ಹೊಸ್ತಿಲ ಒಳಗೆ ಕೂತು ಮಗಳ ತಲೆ ಬಾಚಿ ಎರಡು ಜಡೆ ಹಾಕಿ ಕೆಂಪು ರಿಬ್ಬನ್ ಕಟ್ಟುತ್ತಿದ್ದಳು. ದಾರಕ್ಕ ಕಂಬಕ್ಕೆ ಒರಗಿ ನಿಂತಿದ್ದರು.

"ಬಾಗಿ, ತಪ್ಪ್ ನಂದ್" ಎಂದರು ಸುಗುಣಕ್ಕ, ಕೂರುವ ಮೊದಲೇ. "ಬಟ್ಲ್ ಇಟ್ಕಂಡ್ ಕೂತದ್ದ್ ನಾನ್. ನಿನ್ನ ಬೈದದ್ದೂ ನಾನೇ. ಈಗ ಗಂಟ್ ಹಾಕ್."

ಬಾಗಿಯ ಕೈ ರಿಬ್ಬನ್ನಿನ ಮೇಲೇ ನಿಂತಿತು. ಅವಳು ಅತ್ತೆಯ ಕಡೆ ನೋಡಲಿಲ್ಲ. "ಬ್ಯಾಡ ಅಕ್ಕಾ. ಸುರುವಿನ ದಿನ. ನನ್ ಕೈದ್ ಬ್ಯಾಡ. ಮಗಿಗೆ ಎಂತಾರೂ ಆರೆ ಮತ್ತೆ..."

"ಜಡಿ ಯಾರ್ ಹಾಕದ್ದ್?"

"ನಾನೇ."

"ರಿಬ್ಬನ್ ಗಂಟ್?"

ಬಾಗಿ ಅರ್ಧ ಕಟ್ಟಿದ್ದ ರಿಬ್ಬನ್ನನ್ನು ಎಳೆದು ಬಿಗಿಮಾಡಿದಳು.

"ಅದೂ ಗಂಟೇ ಅಲ್ದಾ? ತಲಿ ಮೇಲ್ ಎರಡ್ ಹಾಕ್ರೆ ಎಂತ ಆತಿಲ್ಲೆ, ಕುತ್ತಿಗಿಗ್ ಒಂದ್ ಹಾಕ್ರೆ ಆತ್ತಾ?" ಸುಗುಣಕ್ಕ ದಾರಕ್ಕನ ಕಡೆ ತಿರುಗಿದರು. "ದಾರಕ್ಕಾ, ನಮ್ಮ ಮನಿ ಬಲಿಗೆಲ್ಲ ಕಡಿ ಗಂಟ್ ಹಾಕದ್ದ್ ನಮ್ ಅಜ್ಜಿ. ಗಂಡ ಇಲ್ದಿದ್ದದ್ದೇ. ನಮ್ಮಪ್ಪನ ಬಲಿ ಗಂಟ್ ಎಂದಾರೂ ಬಿಚ್ಚಿತ್ತಾ ಹೇಳಿ."

ದಾರಕ್ಕ ಮೊಮ್ಮಗಳನ್ನು ನೋಡಿದರು. ಮಗನನ್ನು ಕಳೆದುಕೊಂಡವರು ಅವರೂ ಹೌದು. ಮೊಮ್ಮಗಳ ಮೇಲಿನ ಭಯವನ್ನು ಎಲ್ಲಿ ಇಡುವುದೆಂದು ತಿಳಿಯದೆ ಸೊಸೆಯ ಕೈ ಮೇಲೆ ಇಟ್ಟಿದ್ದರು.

ಪೂಜಿತಾಳಿಗೆ ಇದಾವುದೂ ಬೇಕಿರಲಿಲ್ಲ. ಅವಳು ಮಾಲೆಯನ್ನು ಎಳೆದುಕೊಂಡು ಎದೆಗೆ ಹಿಡಿದು, ತಾಯಿಗೆ ಬೆನ್ನು ಮಾಡಿ ನಿಂತಳು. "ಅಬ್ಬೀ, ಬೇಗ ಕಟ್. ಎಲ್ರೂ ಹೋದ್ರ್."

ಮಗು ಬೆನ್ನು ಕೊಟ್ಟು ನಿಂತರೆ ಯಾವ ತಾಯಿಯ ಕೈ ಸುಮ್ಮನಿರುತ್ತದೆ? ಬಾಗಿ ದಾರದ ಎರಡು ತುದಿ ಹಿಡಿದಳು. ಬೆರಳಲ್ಲಿ ತಾನಾಗಿ ಸುತ್ತಿಕೊಂಡಿತು, ಬಲೆಗೆ ಹಾಕುವ ಗಂಟು. ಶೀನನ ಪಕ್ಕದಲ್ಲಿ ಕೂತು ಎಷ್ಟೋ ಮಳೆಗಾಲ ಹಾಕಿದ್ದ ಗಂಟು ಅದು. ಎಳೆದು ಬಿಗಿಮಾಡಿ, ಕೈ ಹಿಂದೆ ತೆಗೆದುಕೊಂಡು, ಏನೋ ಆಗಲಿದೆ ಎಂಬಂತೆ ಕಾದಳು.

ಏನೂ ಆಗಲಿಲ್ಲ. ಪೂಜಿತಾ ಬಟ್ಟಲಿಗೆ ಕೈ ಹಾಕಿ ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡಳು.

ದಾರಕ್ಕ ಕಂಬ ಬಿಟ್ಟು ಹತ್ತಿರ ಬಂದರು. ಬಗ್ಗಿ, ಮೊಮ್ಮಗಳ ಕೊರಳ ಹಿಂದಿನ ಗಂಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು.

"ಒಂದೇ ಗಂಟ್ ಸಾಕಾತ್ತಾ ಇದ್ಕೆ? ಇಡೀ ದಿನ ಕೊಣಿತ್ತ್ ಇದ್" ಎಂದರು ಸೊಸೆಗೆ, ಎಂದಿನ ಗಡಸು ದನಿಯಲ್ಲೇ. "ಇನ್ನೊಂದ್ ಹಾಕ್."

ಬಾಗಿ ಇನ್ನೊಂದು ಹಾಕಿದಳು.