ಎರಡನೆಯ ಡಬ್ಬಿಯ ನೀರು

ನಮ್ಮ ಕಾರಿನ ಬಾನೆಟ್ ಎತ್ತಿದರೆ ಕೂಲಂಟ್ ತುಂಬುವ ಡಬ್ಬಿಗಳು ಎರಡು ಕಾಣುತ್ತವೆ. ಒಂದು ಎಂಜಿನ್ನಿಗೆ, ಇನ್ನೊಂದು ಕರೆಂಟಿನ ಕಡೆಯ ಯಂತ್ರಕ್ಕೆ. ಹೈಬ್ರಿಡ್ ಕಾರು ಅಂದರೆ ಹಾಗೇ. ಪೆಟ್ರೋಲೂ ಬೇಕು, ಬ್ಯಾಟರಿಯೂ ಬೇಕು, ಎರಡೂ ಕಡೆ ಬಿಸಿಯಾಗುತ್ತದೆ, ಎರಡನ್ನೂ ತಣ್ಣಗಿಡಬೇಕು. ಇಬ್ಬರು ಅತ್ತೆಯರಿರುವ ಮನೆಗೆ ಸೊಸೆಯಾಗಿ ಹೋದ ಹಾಗೆ ಎಂದು ಗಂಡನಿಗೆ ಹೇಳಿದ್ದೆ. ಅವರು ನಗಲಿಲ್ಲ. ಇಷ್ಟಪಟ್ಟು ಆ ಕಾರು ತಂದವರು ಅವರು, ಓಡಿಸುವವಳು ನಾನು.

ಕಾರು ನಮಗೆ ಬಂದದ್ದು ಇನ್ನೊಬ್ಬರ ಕೈ ದಾಟಿ. ಅವರು ಕೂಲಂಟ್ ಎಂದಾದರೂ ಬದಲಿಸಿದ್ದರೋ ಇಲ್ಲವೋ ದೇವರಿಗೇ ಗೊತ್ತು. ವಿಜಯಪುರದ ಗ್ಯಾರೇಜಿನವರಿಗೆ ಫೋನು ಮಾಡಿ ಕೇಳಿದೆ.

"ಕಿಲೋಮೀಟರ್ ಲೆಕ್ಕ ಒಂದ ಐತ್ರಿ, ವರ್ಷದ ಲೆಕ್ಕ ಒಂದ ಐತ್ರಿ. ನಿಮಗ ಎರಡೂ ಗೊತ್ತಿಲ್ಲಂದ್ರ ಒಮ್ಮಿ ಬದಲಿ ಮಾಡಿ ಬಿಡೂದ ಚಲೋ. ಒಂದಿನ ಗಾಡಿ ಬಿಟ್ಟು ಹೋಗ್ರಿ ಮೇಡಂ," ಅಂದರು.

"ಅಲ್ಲೀತನಕ?"

"ಡಬ್ಬಿ ಮ್ಯಾಲ ಎರಡು ಗೆರಿ ಅದಾವಲ್ರಿ, ನೀರು ಅದರ ನಡುವ ಇದ್ರ ಅಷ್ಟೇನ್ ಅಂಜಬ್ಯಾಡ್ರಿ."

ಒಂದು ದಿನ ಗಾಡಿ ಬಿಡುವುದು ಅವರಿಗೆ ಸುಲಭದ ಮಾತು. ನಮ್ಮ ಅತ್ತೆಯವರ ಕಿಡ್ನಿಗಳು ಎರಡೂ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ತಿಕೋಟಾದಿಂದ ವಿಜಯಪುರಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಬೇಸಿಗೆಯಲ್ಲಿ ನಮ್ಮೂರಿನ ಬಾಡಿಗೆ ಗಾಡಿಗಳೆಲ್ಲ ದ್ರಾಕ್ಷಿ ಒಣಗಿಸುವ ಶೆಡ್ಡುಗಳ ಕಡೆಗೆ ಓಡುತ್ತವೆ. ಹಿಂದಿನ ವರ್ಷ, ಈ ಕಾರು ಬರುವ ಮೊದಲು, ಬರುತ್ತೇನೆಂದ ಗಾಡಿ ಬರಲಿಲ್ಲ, ಒಂದು ಪಾಳಿ ತಪ್ಪಿತು. ಅತ್ತೆಯವರ ಮೈಯಲ್ಲಿ ನೀರು ತುಂಬಿ, ಮಲಗಲೂ ಆಗದೆ, ಗೋಡೆಗೆ ಒರಗಿ ಕೂತು ಉಸಿರಿಗಾಗಿ ಬಾಯಿ ತೆರೆದಿದ್ದರು. ಅದನ್ನು ನೋಡಿದ ಮೇಲೆ ಇನ್ನೊಂದು ಪಾಳಿ ತಪ್ಪಿಸುವ ಧೈರ್ಯ ನನಗಿರಲಿಲ್ಲ. ಗ್ಯಾರೇಜಿನವರ ಒಂದು ದಿನ ಎರಡಾದರೆ? ಸಾಮಾನು ಸೋಲಾಪುರದಿಂದ ಬರಬೇಕು ಎಂದರೆ?

ಹೀಗಾಗಿ ಪ್ರತಿ ರವಿವಾರ ಬಾನೆಟ್ ಎತ್ತಿ ನೋಡುವುದು, ನೀರು ಗೆರೆಗಳ ನಡುವೆ ಇದೆ, ಮುಂದಿನ ವಾರ ನೋಡೋಣ ಎಂದು ಮುಚ್ಚುವುದು. ಉಳಿದ ದಿನ ಅದೇ ಕಾರಿನಲ್ಲಿ ಬಬಲೇಶ್ವರದ ನನ್ನ ಶಾಲೆಗೆ ಹೋಗಿಬರುತ್ತಿದ್ದೆ. ಎರಡನೆಯ ಡಬ್ಬಿಯ ಗುಲಾಬಿ ಬಣ್ಣ ಯಾಕೋ ತೆಳುವಾದಂತೆ ಕಾಣುತ್ತಿತ್ತು. ಬಿಸಿಲಿನಲ್ಲಿ ಕಣ್ಣಿಗೆ ಹಾಗೆ ಕಾಣಿಸುತ್ತದೆ ಎಂದುಕೊಂಡೆ. ಮಟ್ಟ ಮಾತ್ರ ಒಂದು ಕೂದಲಿನಷ್ಟೂ ಇಳಿದಿರಲಿಲ್ಲ.

ನಮ್ಮ ಮನೆಯಲ್ಲಿ ನೀರಿನ ಯಜಮಾನರು ಮಾವ. ಅತ್ತೆಯವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಹೇಳಿದ್ದನ್ನು, ಬೆಳಿಗ್ಗೆ ಅವರೇ ಫಿಲ್ಟರಿನಿಂದ ಒಂದು ಸಣ್ಣ ಬಾಟಲಿಗೆ ಹಿಡಿದು, ದಿನವಿಡೀ ಗುಟುಕು ಗುಟುಕಾಗಿ ಕೊಡುತ್ತಿದ್ದರು. ಅತ್ತೆಯವರು ಬೇಡಿದರೂ, ಬೈದರೂ, ಒಮ್ಮೆ ಕಾಲು ಹಿಡಿಯಲು ಬಂದರೂ ಬಾಟಲಿ ಬಗ್ಗಲಿಲ್ಲ. ತಾವು ಮಾತ್ರ ಅವರ ಕಣ್ಣೆದುರು ನೀರು ಕುಡಿಯುತ್ತಿರಲಿಲ್ಲ. ತಮಗೆ ರೂಢಿಯಾದ ಬೋರಿನ ನೀರನ್ನೇ ತಂಬಿಗೆಯಲ್ಲಿ ಹಿಡಿದು ಅಂಗಳಕ್ಕೆ, ಕಾರು ನಿಲ್ಲುವ ಕಡೆಗೆ ಹೋಗುತ್ತಿದ್ದರು. ಹರೆಯದಲ್ಲಿ ಲಾರಿ, ಆಮೇಲೆ ಘೋಣಸಗಿಯ ತೋಟಕ್ಕೆ ಟ್ರ್ಯಾಕ್ಟರ್ ಓಡಿಸಿದವರು. ನೀರು ತೋರಿಸದೆ ಗಾಡಿಯನ್ನು ಅಂಗಳ ದಾಟಿಸಬಾರದು ಎಂಬುದು ಅವರ ಪದ್ಧತಿ. ಕಾರಿನ ಗಾಲಿಗೂ ನಾಲ್ಕು ಹನಿ ಚಿಮುಕಿಸಿಯೇ ನಮ್ಮನ್ನು ಕಳಿಸುತ್ತಿದ್ದರು. ನಾನು ಒಳಗೆ ರೊಟ್ಟಿ ಕಟ್ಟಿಕೊಳ್ಳುವಾಗ ಬಾನೆಟ್ ಮುಚ್ಚಿದ ಸದ್ದು ಕೇಳಿದ್ದೂ ಉಂಟು. ಧೂಳು ಒರೆಸುತ್ತಿರಬೇಕು ಎಂದುಕೊಂಡಿದ್ದೆ.

ಗಂಡ ಮಣೂಕದ, ಅಂದರೆ ಒಣದ್ರಾಕ್ಷಿಯ, ವ್ಯಾಪಾರಕ್ಕೆ ತಾಸಗಾಂವಿಗೆ ಹೋಗಿದ್ದ ವಾರ. ಆ ಸಲ ನಮಗೆ ಮಧ್ಯಾಹ್ನದ ಪಾಳಿ ಸಿಕ್ಕಿತ್ತು. ಬಿಸಿಲು ರಸ್ತೆಯ ಮೇಲೆ ಕುಣಿಯುತ್ತಿತ್ತು. ಅತ್ತೆ ಹಿಂದಿನ ಸೀಟಿನಲ್ಲಿ ಕಾಲು ಮೇಲಿಟ್ಟು ಮಲಗಿದ್ದರು, ಮುಖ ಆಗಲೇ ಊದಿತ್ತು. ಗಂಡನಿಲ್ಲದ್ದಕ್ಕೆ ಮಾವ ಜೊತೆಗೆ ಬಂದು ನನ್ನ ಪಕ್ಕ ಕೂತಿದ್ದರು. ತಿಕೋಟಾ ದಾಟಿ ಸ್ವಲ್ಪ ದೂರ ಹೋಗಿರಬೇಕು, ಸ್ಟೀರಿಂಗಿನ ಮುಂದೆ ಎಚ್ಚರಿಕೆಯ ಕೆಂಪು ದೀಪ ಹೊತ್ತಿತು. ಕಾಲು ಎಷ್ಟು ಒತ್ತಿದರೂ ಕಾರು ಎಳೆಯಲೊಲ್ಲದು. ಬೇವಿನ ಮರವೊಂದರ ಕೆಳಗೆ ಹೇಗೋ ತಂದು ನಿಲ್ಲಿಸಿದೆ.

ಬಾನೆಟ್ ಎತ್ತಿದೆ. ಎಂಜಿನ್ನಿನ ಡಬ್ಬಿ ಸರಿಯಾಗಿತ್ತು. ಎರಡನೆಯದರಲ್ಲಿ ನೀರು ಕೆಳಗಿನ ಗೆರೆಗಿಂತಲೂ ಕೆಳಗೆ, ಅದೂ ಅಕ್ಕಿ ತೊಳೆದ ನೀರಿನ ಬಣ್ಣ. ಬಾಯಿಯ ಸುತ್ತ ಬಿಳಿ ಸುಣ್ಣ ಕಟ್ಟಿತ್ತು. ಆ ಸುಣ್ಣ ನನಗೆ ಗೊತ್ತು. ನಮ್ಮ ಬೋರಿನ ಸವಳು ನೀರು ಕಾಸುವ ಹಂಡೆಯಲ್ಲಿ ದಿನಾ ನೋಡುತ್ತೇನೆ.

"ಮಾಮಾ, ಇದರಾಗ ನೀರು ಯಾರು ಹಾಕ್ಯಾರ?"

ಮಾವ ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. "ನಾನ ಹಾಕೀನಿ ಬೇ. ದಿನಾ ಒಂದೀಟು ಕಡಿಮಿ ಆಗಿರ್ತಿತ್ತು. ಮುಂಜಾನೆ ತಣ್ಣಗಿದ್ದಾಗ ಗೆರಿಮಟ ತುಂಬಿ ಬಿಡ್ತಿದ್ದೆ."

ಅಂದರೆ ಎಲ್ಲೋ ಸೋರುತ್ತಿತ್ತು. ಅದು ಸೋರಿದಷ್ಟನ್ನು ಇವರು ತುಂಬಿದ್ದರು. ನಾನು ರವಿವಾರ ರವಿವಾರ ನೋಡಿ ನೆಮ್ಮದಿಪಟ್ಟ ಮಟ್ಟ ಇವರ ತಂಬಿಗೆಯದು! ನನಗೆ ತಲೆ ಕೆಟ್ಟಿತು. ಹಿರಿಯರು ಎಂಬುದನ್ನೂ ನೋಡದೆ ನಡುರಸ್ತೆಯಲ್ಲಿ ಕೂಗಿದೆ. "ಒಂದ ಮಾತು ಹೇಳಬಾರದಾಗಿತ್ತೇನ್ರಿ? ಇದೇನು ಟ್ರ್ಯಾಕ್ಟರ್ ಅಂತ ತಿಳಿದೀರಿ? ಈಗ ಅತ್ತಿಯವರಿಗೆ ಏನರ ಆದ್ರ?"

ಗ್ಯಾರೇಜಿನವರಿಗೆ ಫೋನು ಹಚ್ಚಿದೆ. "ಬಿಸಿ ಇದ್ದಾಗ ಮುಚ್ಚಳ ಮುಟ್ಟಬ್ಯಾಡ್ರಿ. ಪೂರ್ತಿ ತಣ್ಣಗಾಗಲಿ. ಆಮ್ಯಾಲ ಫಿಲ್ಟರ್ ನೀರು ಇದ್ರ ಅಷ್ಟ ಹಾಕಿ, ಏಸಿ ಬಂದ್ ಮಾಡಿ, ಹಗೂರಕ ದವಾಖಾನಿಮಟ ಬರ್ರಿ. ಗಾಡಿ ನಾವು ಅಲ್ಲಿಂದ ಒಯ್ತೀವಿ."

ಕಾಯುವುದೊಂದೇ ಉಳಿಯಿತು. ಕೈ ಮಾಡಿದರೆ ಒಂದು ಟೆಂಪೊ ನಿಂತಿತು, ಆದರೆ ಅದರ ತುಂಬ ದ್ರಾಕ್ಷಿಯ ಕ್ರೇಟು. ಬಸ್ಸು ನಿಂತಿತು, ಅತ್ತೆಗೆ ಅದರ ಮೆಟ್ಟಿಲು ಹತ್ತುವ ಶಕ್ತಿ ಇರಲಿಲ್ಲ. ಆಸ್ಪತ್ರೆಗೆ ಫೋನು ಮಾಡಿದರೆ, ತಡವಾದರೆ ಯಂತ್ರ ಮುಂದಿನವರಿಗೆ ಕೊಡುತ್ತೇವೆ ಎಂದರು. ಅತ್ತೆಯ ಉಸಿರು ಸಣ್ಣಗಾಗುತ್ತಿತ್ತು. ನಾನು ಬಾನೆಟ್ಟಿಗೆ ಕೈಯಿಟ್ಟು ನೋಡುತ್ತಿದ್ದೆ, ತೆಗೆಯುತ್ತಿದ್ದೆ, ಮತ್ತೆ ಇಡುತ್ತಿದ್ದೆ.

ಕೊನೆಗೆ ಡಬ್ಬಿ ತಣ್ಣಗಾಯಿತು. ಫಿಲ್ಟರ್ ನೀರು ಎಲ್ಲಿಂದ ತರುವುದು? ಕಾರಿನಲ್ಲಿದ್ದದ್ದು ಒಂದೇ ಬಾಟಲಿ, ಮಾವನ ಜೇಬಿನಲ್ಲಿ. ಅವತ್ತಿನ ಅತ್ತೆಯ ಪಾಲು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಹಾಗೇ ಇತ್ತು. ಮಾವ ಅದನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು.

ಒಳಗಿನಿಂದ ಅತ್ತೆ ಅಂದರು, "ಹಾಕ್ರಿ ಅದಕ್ಕ. ಏನ್ ನೋಡ್ತೀರಿ? ನನಗ ಕೊಡು ಅಂದ್ರ ಕೊಡಂಗಿಲ್ಲ, ಅದಕ್ಕರ ಕೊಡ್ರಿ."

ಮಾವ ಬಾಟಲಿಯನ್ನು ಕೊನೆಯ ಹನಿವರೆಗೂ ಬಗ್ಗಿಸಿದರು. ನೀರು ಕೆಳಗಿನ ಗೆರೆಯನ್ನು ಮುಟ್ಟಿತು. ಕಿಟಕಿ ಇಳಿಸಿ, ಎತ್ತಿನ ಗಾಡಿಯ ಹಾಗೆ ಹೊರಟೆವು. ದೀಪದ ಮೇಲಿನ ಕಣ್ಣು ತೆಗೆಯದೆ ತೊರವಿ ದಾಟಿದೆ. ಆಸ್ಪತ್ರೆಯ ನರ್ಸು ಗದರಿದಳು, ಆದರೆ ಯಂತ್ರವನ್ನು ಬೇರೆಯವರಿಗೆ ಕೊಟ್ಟಿರಲಿಲ್ಲ.

ಅತ್ತೆಯವರ ಉಸಿರು ತಿಳಿಯಾದ ಮೇಲೆ ಹೊರಗಿನ ಬೆಂಚಿಗೆ ಬಂದು ಕೂತೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. "ನೀರು ಕಡಿಮಿ ಆಗಾಕತ್ತೈತಿ ಅಂತ ನನಗರ ಹೇಳಬೇಕಿತ್ತಲ್ರಿ ಮಾಮಾ," ಅಂದೆ.

ಮಾವ ಖಾಲಿ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿದ್ದರು. "ಮನ್ಯಾಗ ಆಕಿ ದಿನಾ ನೀರು ನೀರು ಅಂತಾಳ. ಕೊಡಾಕ ಬರಂಗಿಲ್ಲ. ತಂಬಗಿ ಹಿಡಕೊಂಡು ಅಂಗಳಕ್ಕ ಬಂದ್ರ ನನಗೂ ಕುಡಿಯಾಕ ಮನಸ ಬರತಿರಲಿಲ್ಲ ಯವ್ವಾ. ಇದಾದ್ರೂ ಕುಡೀಲಿ ಅಂತ ಹಾಕ್ತಿದ್ದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟೆ. ಅವರು ಒಳಗಿನ ಬಾಗಿಲ ಕಡೆಗೊಮ್ಮೆ ನೋಡಿ, ಗೋಡೆಯ ಕಡೆ ತಿರುಗಿ ಕುಡಿದರು.

ಗ್ಯಾರೇಜಿನವರು ಸೋರುತ್ತಿದ್ದ ಪೈಪು ಬದಲಿಸಿ, ಎರಡೂ ಕಡೆ ತೊಳೆದು ಹೊಸ ಕೂಲಂಟ್ ತುಂಬಿ ಮರುದಿನ ಸಂಜೆ ಕಾರು ಕೊಟ್ಟರು. ಒಂದು ದಿನ ಅಂದದ್ದು ಒಂದೇ ದಿನಕ್ಕೆ ಮುಗಿಯಿತು. ಮುಂದಿನ ಪಾಳಿಯ ದಿನ ನಾನು ಹೊರಬಂದಾಗ ಮಾವ ತುಂಬಿದ ತಂಬಿಗೆ ಹಿಡಿದು, ಬಾನೆಟ್ಟಿನಿಂದ ಮಾರು ದೂರದಲ್ಲಿ, ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕಾರಿನ ಕಿಟಕಿಯಿಂದ ಅತ್ತೆಯ ದನಿ ಬಂತು.

"ಗಾಲಿಗೆ ಹಾಕ್ರಿ. ಚಿಮುಕಸಬ್ಯಾಡ್ರಿ, ಪೂರಾ ಹಾಕ್ರಿ. ನಾ ನೋಡ್ತೀನಿ."

ಮಾವ ಬಗ್ಗಿ ಒಂದೊಂದೇ ಗಾಲಿಗೆ ನಿಧಾನಕ್ಕೆ ಸುರಿದರು. ತಂಬಿಗೆ ಖಾಲಿಯಾಗುವ ತನಕ ನಾನು ಕಾರು ಚಾಲೂ ಮಾಡಲಿಲ್ಲ.