ಪೈಲಟ್ ಆಗಲು ಮೂರು ದಾರಿ

ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುವಾಗ ಎಲ್ಲದಕ್ಕೂ ಪಟ್ಟಿ ಮಾಡುವ ಹುಚ್ಚು ನನಗಿತ್ತು. ಪೈಲಟ್ ಆಗಬೇಕೆಂದು ತೀರ್ಮಾನಿಸಿದ ಮೇಲಂತೂ ದಪ್ಪನೆಯ ನೋಟ್‌ಬುಕ್ಕೊಂದನ್ನು ಅದಕ್ಕೇ ಮೀಸಲಿಟ್ಟೆ. ದಾರಿಗಳು ಮೂರಿದ್ದವು. ವಿಮಾನ ಕಂಪನಿಯೇ ಆರಿಸಿಕೊಂಡು ತಾನು ಹೇಳಿದ ಕಡೆ ತರಬೇತಿ ಕೊಡಿಸುವುದು ಮೊದಲನೆಯದು. ನಮ್ಮ ದೇಶದ ಫ್ಲೈಯಿಂಗ್ ಸ್ಕೂಲಿಗೆ ಸೇರಿ, ಲೈಸೆನ್ಸ್ ಪಡೆದು, ಆಮೇಲೆ ಕೆಲಸ ಹುಡುಕಿಕೊಳ್ಳುವುದು ಎರಡನೆಯದು. ಹೊರದೇಶದಲ್ಲಿ ಬೇಗ ಬೇಗ ಹಾರಾಟದ ಗಂಟೆಗಳನ್ನು ಮುಗಿಸಿ, ವಾಪಸು ಬಂದು ಇಲ್ಲಿನ ಲೈಸೆನ್ಸ್ ಮಾಡಿಸಿಕೊಳ್ಳುವುದು ಮೂರನೆಯದು.

ಭಾನುವಾರ ಮೊಳಕಾಲ್ಮೂರಿನ ಮನೆಗೆ ಹೋದಾಗ ಈ ನೋಟ್‌ಬುಕ್ಕನ್ನು ಜೋರಾಗಿ ಓದುತ್ತಿದ್ದೆ. ಅಪ್ಪ ಮಗ್ಗದ ಗುಂಡಿಯಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದರು. ಅವ್ವ ಪಕ್ಕದಲ್ಲಿ ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಾನೆ ಇವ್ನು,” ಎಂದು ಅಪ್ಪ ನಗುತ್ತಿದ್ದರು. ಅವ್ವ ಮಾತ್ರ ನಗುತ್ತಿರಲಿಲ್ಲ. ಅಕ್ಷರ ಕಲಿಯದ ಅವಳು ವರ್ಷವಿಡೀ ಕೇಳಿ ಕೇಳಿ ಮೂರೂ ದಾರಿಗಳನ್ನು ಬಾಯಿಪಾಠ ಮಾಡಿಕೊಂಡಿದ್ದಳು. “ಕಂಪನಿಯೋರು ಕರ್ಕಂಡ್ರೆ ಒಳ್ಳೇದಪ್ಪ, ಕೆಲ್ಸ ಹುಡುಕೋ ಕಾಟ ಇರಲ್ಲ,” ಎಂದು ತನ್ನ ಓಟನ್ನೂ ಹಾಕಿದ್ದಳು. ಇಡೀ ಓಣಿ ನನ್ನನ್ನು ಪೈಲಟ್ ಎಂದೇ ಕರೆಯುತ್ತಿತ್ತು. ಎದುರು ಮನೆಯ ಅಜ್ಜಿಯಂತೂ ನನ್ನನ್ನು ಕಂಡಾಗಲೆಲ್ಲ “ಏಮಿರಾ ಪೈಲಟೂ” ಎಂದು ತೆಲುಗಿನಲ್ಲಿ ರೇಗಿಸುತ್ತಿದ್ದರು. ನನಗೆ ಅದು ಬಹಳ ಇಷ್ಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಸರಿಯಾದ ಮಾತು ಹೇಳಿದವರು ಕಾಲೇಜಿನ ಫಿಸಿಕ್ಸ್ ಮೇಷ್ಟ್ರು ಒಬ್ಬರೇ. “ಲೇ, ದಾರಿ ಆಮೇಲೆ ಆರಿಸ್ಕಳುವಂತೆ. ಮೊದ್ಲು ಮೆಡಿಕಲ್ ಮಾಡಿಸ್ಕಂಡು ಬಾರಲೇ,” ಎಂದಿದ್ದರು. ಕಲ್ಲು ತಿಂದು ಕರಗಿಸುವ ವಯಸ್ಸು ನನ್ನದು. “ನಂಗೇನಾಗೈತೆ ಸಾರ್?” ಎಂದು ಎದೆಯುಬ್ಬಿಸಿದ್ದೆ. ಅವರ ಮಾತು ಆಗಲೇ ಕೇಳಿದ್ದರೆ ಒಂದು ವರ್ಷ ಸುಮ್ಮನೆ ಆಸೆಪಡುವುದಾದರೂ ತಪ್ಪುತ್ತಿತ್ತು.

ಪಿಯುಸಿ ಮುಗಿದ ಮೇಲೆ ಬೆಂಗಳೂರಿಗೆ ಹೋಗಿ ಮೆಡಿಕಲ್ ಮಾಡಿಸಿದೆ. ಕಿವಿ, ಎದೆ, ರಕ್ತ ಎಲ್ಲವೂ ಸರಿಯಿದ್ದವು. ಕೊನೆಗೆ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕವೊಂದನ್ನು ಮುಂದಿಟ್ಟು, ಪುಟದಲ್ಲಿರುವ ಅಂಕಿ ಓದಲು ಹೇಳಿದರು. ನನಗೆ ಅಂಕಿಯೇ ಕಾಣಲಿಲ್ಲ, ಬರೀ ಚುಕ್ಕಿ. ಪುಟ ತಿರುವಿದರು. ಅಲ್ಲೂ ಚುಕ್ಕಿ. ಕತ್ತಲ ಕೋಣೆಯಲ್ಲಿ ಕೂರಿಸಿ ಸಣ್ಣ ದೀಪಗಳನ್ನು ತೋರಿಸಿ ಕೇಳಿದರು. ಕೆಂಪು ಎಂದು ಧೈರ್ಯವಾಗಿ ಹೇಳಿದ್ದು ಹಸಿರಾಗಿತ್ತು. ಕೆಂಪು ಹಸಿರು ಬೇರೆ ಮಾಡಲಾಗದವರಿಗೆ ಈ ಕೆಲಸ ಸಿಗುವುದಿಲ್ಲ, ಇದಕ್ಕೆ ಔಷಧಿಯೂ ಇಲ್ಲ, ಹುಟ್ಟಿನಿಂದಲೇ ಬರುವುದು, ತಾಯಿಯ ಕಡೆಯಿಂದ ಬರುವುದು ಎಂದು ಅವರು ಮೆಲ್ಲಗೆ ಹೇಳಿದರು. ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದರು. ರೇಷ್ಮೆ ಸೀರೆ ನೇಯುತ್ತಾರೆ ಎಂದೆ. ಡಾಕ್ಟರು ತಲೆಯೆತ್ತಿ ನೋಡಿದರು. “ನೇಯೋರ ಮನೇಲಿ ಬೆಳೆದೂ ಇಷ್ಟು ದಿನ ಗೊತ್ತಾಗಲಿಲ್ವಾ?”

ಗೊತ್ತಾಗದಿದ್ದುದಕ್ಕೆ ಕಾರಣ ಆಗ ಹೊಳೆಯಿತು. ಚಿಕ್ಕಂದಿನಿಂದ ಅಪ್ಪನ ಕೈಗೆ ಕಂಡಿಕೆ ಕೊಡುತ್ತಿದ್ದವನು ನಾನು. ನಮ್ಮ ಮನೆಯಲ್ಲಿ ಕಂಡಿಕೆಯ ಬುಟ್ಟಿಗಳ ಹಿಡಿಗೆ ದಾರದ ಗಂಟುಗಳಿದ್ದವು. ಒಂದು ಗಂಟಿದ್ದರೆ ಕೆಂಪು, ಎರಡಿದ್ದರೆ ಹಸಿರು. ಮಗ್ಗದ ಕೋಣೆಯಲ್ಲಿ ಬೆಳಕು ಸಾಲದು, ಅದಕ್ಕೇ ಎಂದು ಅವ್ವ ಹೇಳಿದ್ದಳು. ಬೆರಳಿನಲ್ಲಿ ಸವರಿ ಕೊಟ್ಟು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಮೊಳಕಾಲ್ಮೂರಿನ ನೇಕಾರರ ಮನೆಗಳೆಲ್ಲ ಹೀಗೇ ಎಂದುಕೊಂಡಿದ್ದೆ. ಬೇರೆ ಯಾರ ಮನೆಯ ಬುಟ್ಟಿಯನ್ನೂ ನಾನು ನೋಡಿರಲಿಲ್ಲ.

ಊರಿಗೆ ಬಂದು ಹೇಳಿದೆ. ಅಪ್ಪ ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟರು. ಅವ್ವ ನನ್ನೆದುರು ಕೂತು ಬೆರಳು ಮಡಿಚಿದಳು.

“ಕಂಪನಿಯೋರ ದಾರೀಲಿ ಬಣ್ಣ ಕೇಳ್ತಾರಾ?”

“ಕೇಳ್ತಾರವ್ವ.”

“ಇಲ್ಲಿನ ಸ್ಕೂಲಿನೋರು?”

“ಅವ್ರೂ ಕೇಳ್ತಾರೆ.”

“ಹೊರದೇಶಕ್ಕೆ ಹೋದ್ರೆ? ಅಲ್ಲಿ ಬಿಡಬೌದಲ್ಲ?”

“ವಾಪಸ್ ಬಂದ್ಮೇಲೆ ಇಲ್ಲಿ ಕೇಳ್ತಾರೆ. ಮೂರಕ್ಕೂ ಒಂದೇ ಮೆಡಿಕಲ್ ಅವ್ವ.”

“ನಾಲ್ಕನೇದು ಯಾವ್ದೂ ಇಲ್ವೇನಪ್ಪ?”

ನನ್ನೊಳಗೆ ಕುದಿಯುತ್ತಿದ್ದುದು ಆಗ ಹೊರಗೆ ಬಂತು. “ಇದು ನಿನ್ನಿಂದ್ಲೇ ಬಂದಿದ್ದಂತೆ. ಗೊತ್ತಿದ್ದೂ ಮುಚ್ಚಿಟ್ಟೆ,” ಎಂದುಬಿಟ್ಟೆ.

ಅವ್ವ ಅಳಲಿಲ್ಲ. ತನ್ನ ಅಪ್ಪನ ಕಥೆ ಹೇಳಿದಳು. ಅವರೂ ನೇಕಾರರು. ಮದುವಣಗಿತ್ತಿಯ ಸೀರೆಗೆ ಕೆಂಪು ಬರಬೇಕಾದ ಕಡೆ ಹಸಿರು ನೇಯ್ದಿದ್ದರು. ಅವರನ್ನು ಮಗ್ಗದಿಂದ ಎಬ್ಬಿಸಿದರು, ಓಣಿಯವರೆಲ್ಲ ಕುರುಡ ಎಂದು ಆಡಿಕೊಂಡರು. ಸಾಯುವ ತನಕ ಅವರು ಮತ್ತೆ ಮಗ್ಗಕ್ಕೆ ಕೂರಲಿಲ್ಲ. ಐದು ವರ್ಷದ ನಾನು ಅಪ್ಪನ ಕೈಗೆ ತಪ್ಪು ಕಂಡಿಕೆ ಕೊಟ್ಟ ದಿನವೇ ಅವ್ವನಿಗೆ ತಿಳಿದಿತ್ತು. ಬುಟ್ಟಿಗಳಿಗೆ ಗಂಟು ಕಟ್ಟಿದ್ದೂ ಅವತ್ತೇ. “ನಿನ್ನೂ ಹಂಗೆ ಎಬ್ಬಿಸ್ತಾರೆ ಅಂತ ಹೆದರ್ದೆ ಕಣಪ್ಪ. ಮೇಲೆ ಹಾರೋರಿಗೂ ಬಣ್ಣ ಬೇಕಂತ ನಂಗೇನು ಗೊತ್ತು,” ಎಂದಳು. ನಾನು ಎದ್ದು ಹೊರಗೆ ಹೋದೆ. ಅವಳ ಮೇಲಿನ ಸಿಟ್ಟು ಇಳಿಯಲು ಎಷ್ಟೋ ತಿಂಗಳು ಹಿಡಿದವು, ನಾಚಿಕೆ ಇನ್ನೂ ಇಳಿದಿಲ್ಲ.

ನನಗೀಗ ಚಳ್ಳಕೆರೆಯಲ್ಲಿ ಒಂದು ನೌಕರಿ ಇದೆ. ಮನೆಯಲ್ಲಿ ಹೆಣ್ಣು ಹುಡುಕುತ್ತಿದ್ದಾರೆ. ಹೋದ ತಿಂಗಳು ಒಂದು ಮನೆಗೆ ಹೋಗಿದ್ದೆವು. ಕಾಫಿ ಲೋಟ ಕೈಗೆ ಬರುವ ಮೊದಲೇ ಅವ್ವ ಸೆರಗು ಸರಿಮಾಡಿಕೊಂಡು ಹುಡುಗಿಯ ತಾಯಿಯ ಕಡೆ ತಿರುಗಿದಳು. “ಮೊದ್ಲೇ ಹೇಳಿಬಿಡ್ತೀನ್ರಿ. ನನ್ ಮಗನ ಕಣ್ಣಲ್ಲಿ ಒಂದು ದೋಷ ಐತೆ. ತಪ್ಪು ಅವ್ನದಲ್ಲ, ನನ್ನಿಂದ ಬಂದಿದ್ದು,” ಎಂದಳು. ಅವರು ಕೇಳಿರಲಿಲ್ಲ. ಹಿಂದಿನ ಎರಡು ಮನೆಗಳಲ್ಲೂ ಯಾರೂ ಕೇಳಿರಲಿಲ್ಲ. ನಾನು ಒಂದೇ ಒಂದು ಸಲ ಅಂದ ಮಾತನ್ನು ಅವಳು ಹೋದ ಮನೆಯಲ್ಲೆಲ್ಲ ಹೇಳುತ್ತಾಳೆ, ಪಕ್ಕದಲ್ಲೇ ಕೂತ ನನಗೆ ಬೇಡವ್ವ ಎನ್ನಲು ಬಾಯಿ ಬರುವುದಿಲ್ಲ.