ಇಪ್ಪತ್ತೈದು ಕೆಜಿ ಚೀಟಿ

ಯಾರ ಮನೆಗೆ ಹೋದರೂ ಮುತ್ತವ್ವ ಮೊದಲು ಸೂರು ನೋಡುತ್ತಾರೆ. "ಆರಾಮದೀರೇನ್ರಿ?" ಎಂದು ಕೇಳುವುದು ಆಮೇಲೆ. ನಮ್ಮ ಮನೆಯಲ್ಲಿ ಜೇಡರ ಬಲೆ ಹುಡುಕುತ್ತಾರೆಂದು ನನ್ನ ಹೆಂಡತಿ ಲಕ್ಷ್ಮಿದೇವಮ್ಮ ಎಷ್ಟೋ ಸಲ ಮುಖ ಊದಿಸಿಕೊಂಡದ್ದುಂಟು. ನಿಜವಾದ ಕಾರಣ ತಿಳಿದದ್ದು ಹೋದ ಶ್ರಾವಣದಲ್ಲಿ. ತಿಳಿಯದಿದ್ದರೇ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಲಗ್ಗೆರೆಯಲ್ಲಿ ನಮ್ಮದು ಎರಡಂತಸ್ತಿನ ಮನೆ. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಒಂಬತ್ತು ವರ್ಷದ ಹಿಂದೆ ನಾನೇ ಬಿಸಿಲಲ್ಲಿ ನಿಂತು ಕಟ್ಟಿಸಿದ್ದು. ಕೆಳಗೆ ನಾವಿಬ್ಬರು, ಮೇಲೆ ಬಾಡಿಗೆಗೆ ಮುತ್ತವ್ವ. ರಾಣೆಬೆನ್ನೂರು ಕಡೆಯವರು. ಗಂಡ ತೀರಿಕೊಂಡ ಮೇಲೆ ಮಗಳು ಸೌಂದರ್ಯಳನ್ನು ಕರೆದುಕೊಂಡು ಈ ಊರಿಗೆ ಬಂದರು. ಇಪ್ಪತ್ತು ವರ್ಷವಾದರೂ ಅವರ ನಾಲಿಗೆ ಅರ್ಧ ಆ ಕಡೆಯದೇ.

ಪಕ್ಕದ ರಸ್ತೆಯ ಶೆಡ್ಡಿನಲ್ಲಿ ಅವರ ಕೆಲಸ. ಮನೆಯ ತಾರಸಿಗೆ ಮೋಲ್ಡ್ ಹಾಕುವಾಗ, ಫ್ಯಾನೋ ದೀಪವೋ ನೇತು ಹಾಕಲೆಂದು ಕಾಂಕ್ರೀಟಿನೊಳಗೆ ಹುಕ್ಕಿನ ತಗಡಿನ ಬಾಕ್ಸ್ ಹೂಳುತ್ತಾರಲ್ಲ, ಅದನ್ನು ಅಲ್ಲಿ ಮಾಡುತ್ತಾರೆ. ಎಷ್ಟು ಭಾರ ತಡೆಯುತ್ತದೆ ಎಂಬ ಚೀಟಿಯನ್ನು ಬಾಕ್ಸಿನ ಒಳಗೆ ಅಂಟಿಸುವುದು ಮುತ್ತವ್ವನ ಪಾಲು. ಫ್ಯಾನಿನ ಬಾಕ್ಸಿಗೆ ಇಪ್ಪತ್ತೈದು ಕೆಜಿ, ದೀಪದ ಬಾಕ್ಸಿಗೆ ಐದು. ಹೊರಗಿನಿಂದ ಎರಡೂ ಒಂದೇ ಥರ. ವ್ಯತ್ಯಾಸ ಇರುವುದು ಹಿಂಬದಿಯ ಕಂಬಿಯ ದಪ್ಪದಲ್ಲಿ. ಕಾಂಕ್ರೀಟ್ ಬಿದ್ದ ಮೇಲೆ ಕಂಬಿ ಕಾಣುವುದಿಲ್ಲ. ಉಳಿಯುವುದು ಚೀಟಿಯ ಮಾತು ಒಂದೇ. ಅಂಟಿಸಿದ ಪ್ರತಿ ಚೀಟಿಯ ಬಲಮೂಲೆಯನ್ನು ಮುತ್ತವ್ವ ಉಗುರಿನಿಂದ ಒತ್ತಿ ಗೀರುತ್ತಾರೆ. ಅದೇ ಅವರ ರುಜು.

ನಮ್ಮ ಮನೆಗೂ ಬಾಕ್ಸು ಕೊಡಿಸಿದ್ದು ಅವರೇ. "ಎಲ್ಲಾ ಫ್ಯಾನ್ ಬಾಕ್ಸೇ ಇರಲಿ" ಎಂದು ನಾನು ಹೇಳಿದ್ದೆ. ಎಲ್ಲಿ ಬೇಕಾದರೂ ಏನು ಬೇಕಾದರೂ ತೂಗು ಹಾಕಬಹುದು ಅನ್ನುವ ದೂರದ ಯೋಚನೆ ನನ್ನದು. ಶೆಡ್ಡಿನ ರಾಶಿಯಿಂದ ಹನ್ನೆರಡು ಬಾಕ್ಸ್ ಎತ್ತಿಕೊಂಡು ಬಂದೆ, ಹನ್ನೆರಡರಲ್ಲೂ ಇಪ್ಪತ್ತೈದು. ಆ ಧೈರ್ಯದಿಂದಲೇ ನಮ್ಮ ಹಾಲಿನಲ್ಲಿ ಹನ್ನೊಂದು ಕೆಜಿಯ ಗಾಜಿನ ತೂಗುದೀಪ ಹಾಕಿಸಿದೆ. ಅದರ ಕೆಳಗೇ ನನ್ನ ಕುರ್ಚಿ, ಪೇಪರು, ಕಾಫಿ.

ಹೋದ ಶ್ರಾವಣದಲ್ಲಿ ಸೌಂದರ್ಯ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು. ಭಾನುವಾರ ತೊಟ್ಟಿಲು ಶಾಸ್ತ್ರ. ಅಳಿಯ ಕೊಟ್ರೇಶ್ ಊರಿಂದ ಅವರಜ್ಜನ ಕಾಲದ ಮರದ ತೊಟ್ಟಿಲನ್ನು ಟೆಂಪೋದಲ್ಲಿ ತಂದ. ಮೇಲಿನ ಮನೆಯ ಹಾಲಿನ ನಡುವೆ ದೀಪಕ್ಕೆಂದು ಬಿಟ್ಟ ಹುಕ್ಕು ಖಾಲಿ ಇತ್ತು. ಅಲ್ಲಿಗೆ ಸರಪಳಿ ಹಾಕಲು ಅವನು ಸ್ಟೂಲು ಹತ್ತಿದ.

"ಆ ಹುಕ್ಕಿಗೆ ಬ್ಯಾಡ್ರಿ" ಎಂದರು ಮುತ್ತವ್ವ.

ಕೊಟ್ರೇಶ್ ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟ. "ಅತ್ತಿ, ಇಲ್ಲಿ ಇಪ್ಪತ್ತೈದು ಅಂತ ಬರ್ದೈತಿ. ತೊಟ್ಟಿಲು ಒಂಬತ್ತು, ಕೂಸು ನಾಕು. ಹದಿಮೂರೇ ಆತು."

ಲೆಕ್ಕ ಸರಿಯಾಗಿಯೇ ಇತ್ತು. ನಾನೂ ದನಿಗೂಡಿಸಿದೆ. "ನೀವೇ ಅಂಟಿಸಿದ ಚೀಟಿ ಮುತ್ತವ್ವ. ನಿಮಗೇ ನಂಬಿಕೆ ಇಲ್ಲ ಅಂದ್ರೆ ಹೆಂಗೆ?"

"ನಾನ ಅಂಟಿಸೀನಿ ಅಂತನ ನಂಬಿಕಿ ಇಲ್ರಿ ಅಣ್ಣಾರ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಹೆಂಗಸರಿಗೆ ಶಾಸ್ತ್ರದ ದಿನ ಬರುವ ಗಾಬರಿ ಇರಬೇಕು ಎಂದುಕೊಂಡೆ. ಕೊಟ್ರೇಶ್ ಸರಪಳಿ ಸಿಕ್ಕಿಸಿ, ತೊಟ್ಟಿಲಲ್ಲಿ ಹತ್ತು ಕೆಜಿಯ ಅಕ್ಕಿ ಚೀಲ ಇಟ್ಟ. ಏನೂ ಆಗಲಿಲ್ಲ.

"ನಿಂತಾಗ ತಡೀತೈತಿ. ತೂಗಿದ್ರ?" ಎನ್ನುತ್ತ ಮುತ್ತವ್ವ ತೊಟ್ಟಿಲನ್ನು ತೂಗತೊಡಗಿದರು. ಒಳಗೆ ಮೊಮ್ಮಗಳೇ ಇದ್ದಂತೆ ಮೆಲ್ಲಗೆ ಶುರು ಮಾಡಿ, ಆಮೇಲೆ ಜೋರಾಗಿ ತೂಗಿದರು. ನಾವು ನಿಂತು ನೋಡಿದೆವು. ಐವತ್ತು ಸಲವಾಯಿತು, ನೂರಾಯಿತು. ಹುಕ್ಕು ಮಿಸುಕಲಿಲ್ಲ. ಒಂದು ಚೂರು ಸುಣ್ಣವೂ ಉದುರಲಿಲ್ಲ.

"ಸಾಕ್ ಬಿಡಿ ಮುತ್ತವ್ವ" ಎಂದು ನಾನು ನಕ್ಕೆ.

ಅವರು ಕೈ ಬಿಟ್ಟು, ಸೆರಗಿನಿಂದ ಬೆವರು ಒರೆಸಿಕೊಂಡು, ಅಕ್ಕಿ ಚೀಲವನ್ನು ಕೆಳಗಿಳಿಸಿದರು. ಕೂಸನ್ನು ಮಾತ್ರ ಮಲಗಿಸಲಿಲ್ಲ. ಈ ಹೊತ್ತಿಗೆ ಬೀಗರು ಮೆಟ್ಟಿಲು ಹತ್ತಿ ಬಂದಿದ್ದರು. ಅಜ್ಜನ ತೊಟ್ಟಿಲನ್ನು ಬೇಡವೆನ್ನುತ್ತಿದ್ದಾರೆ ಎಂದು ಕೇಳಿ ಕೊಟ್ರೇಶನ ತಾಯಿ ಬಸವ್ವನ ಮುಖ ಕೆಂಪಗಾಯಿತು. "ನಮ್ಮ ಮನಿ ತೊಟ್ಟಿಲಾಗ ಏನ್ ಕೊರತಿ ಕಂಡ್ರಿ?" ಎಂದು ಕೇಳಿಯೇ ಬಿಟ್ಟರು. ಸೌಂದರ್ಯ ಅಳುವ ಹಾಗಾದಳು. "ಅವ್ವಾ, ಏನಾಗ್ಯೈತಿ ನಿನಗ? ಹೇಳಾರ ಹೇಳು!"

ಮುತ್ತವ್ವ ಎಲ್ಲರೆದುರು ಹೇಳಿದರು. ಒಂಬತ್ತು ವರ್ಷದ ಹಿಂದೆ ಒಂದು ವಾರ ಐದು ಕೆಜಿಯ ಚೀಟಿ ಮುಗಿದಿತ್ತು. ಶೆಡ್ಡಿನ ಮೇಸ್ತ್ರಿ "ಇದನ್ನೇ ಹಾಕಮ್ಮ, ಆಮೇಲೆ ಬದಲಾಯಿಸೋಣ" ಎಂದ. ದೀಪದ ಬಾಕ್ಸಿಗೂ ಇಪ್ಪತ್ತೈದನ್ನೇ ಹಚ್ಚಿದರು. ಬದಲಾಯಿಸುವ ಮುಂಚೆಯೇ ಎರಡೂ ರಾಶಿ ಕಲೆತುಹೋದವು. ಮಾಲು ಬಸವೇಶ್ವರನಗರಕ್ಕೆ, ಚಂದ್ರಾ ಲೇಔಟಿಗೆ, ಎಲ್ಲೆಲ್ಲಿಗೋ ಹೋಯಿತು. ನಾನು ಹನ್ನೆರಡು ಎತ್ತಿಕೊಂಡು ಬಂದದ್ದೂ ಅದೇ ವಾರ, ಅದೇ ರಾಶಿಯಿಂದ.

"ಹೇಳಿದ್ರ ಕೆಲ್ಸ ಹೋಗ್ತಿತ್ತು. ಇಕಿ ಸಾಲಿಗೆ ಹೋಗ್ತಿದ್ಲು. ಬಾಯಿ ಮುಚ್ಕೊಂಡೆ" ಎಂದರು ಮಗಳನ್ನು ತೋರಿಸಿ. "ಯಾವ್ದು ಖರೆ, ಯಾವ್ದು ಸುಳ್ಳು, ನನಗೂ ಗೊತ್ತಿಲ್ಲ. ಎಲ್ಲಿ ಹೋದ್ರೂ ಮ್ಯಾಲ ನೋಡ್ತೀನಿ. ನೋಡಿದ್ರ ಏನ್ ತಿಳೀತೈತಿ? ಆದ್ರೂ ನೋಡ್ತೀನಿ."

ಬಸವ್ವ ಒಮ್ಮೆ ಹುಕ್ಕು ನೋಡಿದರು, ಒಮ್ಮೆ ಕೂಸನ್ನು ನೋಡಿದರು. ಆಮೇಲೆ ತಾವೇ ಹೋಗಿ ತೊಟ್ಟಿಲಿನ ಒಂದು ಬದಿ ಹಿಡಿದು, "ಇಳಸೋ ಕೊಟ್ರಾ" ಎಂದರು. ಕೊಟ್ರೇಶ್ ವಿಜಯನಗರದ ಶಾಮಿಯಾನ ಅಂಗಡಿಯಿಂದ ಕಬ್ಬಿಣದ ಸ್ಟ್ಯಾಂಡು ತಂದ. ಶಾಸ್ತ್ರ ಒಂದು ಗಂಟೆ ತಡವಾಗಿ ಚೆನ್ನಾಗಿಯೇ ನಡೆಯಿತು. ಕೂಸಿಗೆ ರಕ್ಷಾ ಎಂದು ಹೆಸರಿಟ್ಟರು. ನಾನು ಹೋಳಿಗೆ ತಿಂದೆ, ರುಚಿ ಮಾತ್ರ ಗೊತ್ತಾಗಲಿಲ್ಲ.

ಕೋಪ ಬಂದಿತ್ತು, ಸುಳ್ಳೇಕೆ. ಒಂಬತ್ತು ವರ್ಷ ನನ್ನ ತಲೆಯ ಮೇಲೆ ಹನ್ನೊಂದು ಕೆಜಿ ಗಾಜು ತೂಗುತ್ತಿರುವುದನ್ನು ನೋಡಿಕೊಂಡೂ ಸುಮ್ಮನಿದ್ದ ಹೆಂಗಸು! ಮನೆ ಖಾಲಿ ಮಾಡಿ ಎಂದುಬಿಡಲೇ? ಆದರೆ ಬೀಗರೆದುರು, ಅಳಿಯನೆದುರು ಮಾನ ಬಿಟ್ಟು ನಿಜ ಹೇಳಿದವರೂ ಅವರೇ. ಎಲ್ಲರೂ ಪಾಸು ಮಾಡಿದ ಹುಕ್ಕನ್ನು ಬೇಡವೆಂದವರೂ ಅವರೊಬ್ಬರೇ. ಬೈಯಬೇಕೋ ಕೈಮುಗಿಯಬೇಕೋ ತಿಳಿಯದೆ ಸಂಜೆ ಅವರನ್ನು ಕೆಳಗೆ ನಮ್ಮ ಮನೆಗೆ ಕರೆದೆ.

ಸ್ಟೂಲು ಹಾಕಿ, ತೂಗುದೀಪದ ಮೇಲಿನ ಹಿತ್ತಾಳೆ ಮುಚ್ಚಳ ಜಾರಿಸಿ, ಟಾರ್ಚು ಅವರ ಕೈಗೆ ಕೊಟ್ಟೆ. ಒಳಗೆ ಚೀಟಿ ಹೊಸದರಂತೆ ಹೊಳೆಯುತ್ತಿತ್ತು. ಇಪ್ಪತ್ತೈದು ಕೆಜಿ. ಬಲಮೂಲೆಯಲ್ಲಿ ಉಗುರಿನ ಗೀರು.

"ಇದು ಯಾವುದು ಮುತ್ತವ್ವ? ನಿಜವಾದ್ದಾ?"

ಅವರು ಕತ್ತೆತ್ತಿ ಟಾರ್ಚು ಬಿಟ್ಟು ನೋಡಿದರು.

"ಅಂಟಿಸಿದಾಕಿ ನಾನ. ಅಷ್ಟ ಗೊತ್ತು, ಅಣ್ಣಾರ" ಎಂದರು. ಆಮೇಲೆ ಬಗ್ಗಿ ನನ್ನ ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದು ಗೋಡೆಯ ಪಕ್ಕಕ್ಕೆ ಎಳೆದರು.